ರಾಜ್ಯ ಒಂಬತ್ತು, ಸೊಂಟ ನೂರಿಪ್ಪತ್ತು

ಇದನ್ನು ನನಗೆ ಮೊದಲು ಹೇಳಿದವರು ನಮ್ಮ ಹೈಸ್ಕೂಲಿನ ಹೊಲಿಗೆ ಟೀಚರ್ ಪದ್ಮಲೋಚನಾ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಹೇಳುತ್ತಿದ್ದರು. ಹಾಗಾಗಿ ನಗುವ ಕೆಲಸವೆಲ್ಲ ನಮ್ಮದೇ.

ಕಡಲೆಪುರದ ದೊರೆ ಮುದ್ದಲಿಂಗ ಭೂಪನಿಗೆ ಪ್ರತಿ ಹುಟ್ಟುಹಬ್ಬಕ್ಕೂ ಹೊಸ ನಿಲುವಂಗಿ. ಅಳತೆ ತೆಗೆಯುವುದು ತುಂಬಿದ ಸಭೆಯಲ್ಲಿ. ದರ್ಜಿ ಅಳತೆಯನ್ನು ಕೂಗಬೇಕು, ಸಭೆ "ಭಲೇ" ಅನ್ನಬೇಕು. ನನ್ನ ರವಿಕೆ ಅಳತೆಯನ್ನು ಯಾರಾದರೂ ಹಾಗೆ ಕೂಗಿದರೆ ನಾನಂತೂ ಮತ್ತೆ ಆ ಬೀದಿಯಲ್ಲಿ ಹಾಯುವುದಿಲ್ಲ.

ವರ್ಷಾನುಗಟ್ಟಲೆ "ಎರಡೂವರೆ ಮೊಳ" ಎಂದೇ ಕೂಗಿ ಎಲ್ಲರೂ ಸುಖವಾಗಿದ್ದರು. ಆ ವರ್ಷ ರಾಜ್ಯಕ್ಕೆ ಮೀಟರ್ ಲೆಕ್ಕ ಬಂತು. ಹಿಂದಿನ ದಿನವಷ್ಟೇ ಸರ್ವೆಯವರು ಬಂದು, ರಾಜ್ಯದ ಉದ್ದ ಒಂಬತ್ತು ಕಿಲೋಮೀಟರ್ ಎಂದು ಒಪ್ಪಿಸಿ ಹೋಗಿದ್ದರು. ದೊರೆಯ ತಲೆಯಲ್ಲಿ ಒಂಬತ್ತು ಉಳಿದಿತ್ತು, ಕಿಲೋಮೀಟರ್ ಜಾರಿಹೋಗಿತ್ತು.

ದರ್ಜಿ ವಿಠೋಬ ಹೊಸ ಟೇಪು ಸುತ್ತಿ ಕೂಗಿದ. "ಸೊಂಟ ನೂರಿಪ್ಪತ್ತು!"

"ಏನೋ? ನನ್ನ ರಾಜ್ಯವೇ ಒಂಬತ್ತು, ಸೊಂಟ ನೂರಿಪ್ಪತ್ತಾ? ರಾಜ್ಯಕ್ಕೇ ಹಿಡಿಸದ ಹೊಟ್ಟೆಯೇನೋ ನನ್ನದು?"

"ಬುದ್ಧೀ, ಅದು ಕಿಲೋಮೀಟರ್, ಇದು ಸೆಂಟಿಮೀಟರ್..."

"ಅಧಿಕಪ್ರಸಂಗಿ! ಸಂಜೆಯೊಳಗೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗಡಿ ದಾಟು!"

ವಿಠೋಬನ ಕೈಯಿಂದ ಟೇಪು ಜಾರಿತು. ಆಸ್ಥಾನದಲ್ಲಿ ಹಂಪಯ್ಯ ಎಂಬವನೊಬ್ಬನಿದ್ದ. ಅವನ ಕೆಲಸ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಆದರೆ ಅವನು ಬಾರದ ದಿನ ಸಭೆಗೆ ಸಭೆಯೇ ಆಕಳಿಸುತ್ತಿತ್ತು. ಅವನು ಎದ್ದು ನಿಂತ.

"ಪ್ರಭುಗಳಿಗೆ ಈಗ ಏನಾಗಬೇಕು?"

"ರಾಜ್ಯ ಲಕ್ಷಗಟ್ಟಲೆ ಆಗಬೇಕು. ಸೊಂಟ ಒಂದಕ್ಕಿಂತ ಕಡಿಮೆ ಆಗಬೇಕು. ಈಗಲೇ!"

"ಅಷ್ಟೇನಾ? ಯಾರಲ್ಲಿ, ಒಂದು ಸೀಮೆಸುಣ್ಣ ಕೊಡಿ."

ಹಂಪಯ್ಯ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. "ಒಂದು ಕಿಲೋಮೀಟರಿಗೆ ಹತ್ತು ಲಕ್ಷ ಮಿಲಿಮೀಟರ್. ಇನ್ನು ಮೇಲೆ ನೆಲವನ್ನೆಲ್ಲ ಮಿಲಿಮೀಟರಲ್ಲಿ ಅಳೆಯೋಣ. ರಾಜ್ಯದ ಉದ್ದ ತೊಂಬತ್ತು ಲಕ್ಷ!"

"ಭಲೇ!" ಎಂದಿತು ಸಭೆ.

"ಸೊಂಟವನ್ನು ಮಾತ್ರ ಕಿಲೋಮೀಟರಲ್ಲಿ. ಲಕ್ಷ ಸೆಂಟಿಮೀಟರ್ ಸೇರಿದರೆ ಒಂದು ಕಿಲೋಮೀಟರ್. ಅಂದರೆ ಪ್ರಭುಗಳದ್ದು ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ ಒಂದು ಎರಡು."

"ಹಾಗಾದರೆ ಸೊಂಟವೇ ಇಲ್ಲ ಅನ್ನು!"

"ಹುಡುಕಿದರೂ ಸಿಗೋದಿಲ್ಲ, ಪ್ರಭೂ. ಈಗ ವಿಠೋಬ ಊರಲ್ಲೇ ಇರಬಹುದಲ್ಲ?"

ದೊರೆಗೂ ಆಟದ ರುಚಿ ಹತ್ತಿತ್ತು. ಮೀಸೆ ತಿರುವುತ್ತ ಹೇಳಿದ. "ಇರಲಿ. ಜಾಗವನ್ನೂ ಕೊಡುತ್ತೇನೆ. ಉದ್ದ ನೂರು, ಅಗಲ ನೂರು. ಆ ಗೆರೆಯೊಳಗೆ ಸಂಸಾರ ಮಾಡಿದರೆ ಸರಿ, ಹೊರಗೆ ಕಾಲಿಟ್ಟರೆ ಗಡಿಪಾರು. ಹಾಂ, ನೆಲದ ಅಳತೆ ಮಿಲಿಮೀಟರ್, ನೀನೇ ಹೇಳಿದ್ದು!"

ಹಂಪಯ್ಯ ಟೇಪು ಎತ್ತಿಕೊಂಡು ಅಳೆದು ಗೆರೆ ಎಳೆದ. ಅಂಗೈಯಷ್ಟು ಚೌಕ. ವಿಠೋಬ ಅದನ್ನೂ ತನ್ನ ಪಾದವನ್ನೂ ನೋಡಿದ. ಒಂದು ಪಾದಕ್ಕೇ ಜಾಗ ಸಾಲದು.

"ಧಾರಾಳವಾಯಿತು, ಪ್ರಭೂ," ಎಂದ ಹಂಪಯ್ಯ. "ಹೊಸ ಜಾಗ. ಮೊದಲು ತಾವು ಕೂತು ಪಾವನ ಮಾಡಬೇಕು."

"ಎಲ್ಲಿ?"

"ಇಲ್ಲೇ, ಈ ಚೌಕದಲ್ಲಿ. ಜಾಗ ನೂರಿದೆ, ತಮ್ಮ ಸೊಂಟ ಒಂದೂ ಇಲ್ಲ. ಕಾಲು ಚಾಚಿಕೊಂಡು ಆರಾಮಾಗಿ ಕೂತುಕೊಳ್ಳಿ. ಮಿಕ್ಕ ಜಾಗದಲ್ಲಿ ವಿಠೋಬ ಮನೆ ಕಟ್ಟಿಕೊಳ್ಳುತ್ತಾನೆ, ಹಿತ್ತಲಲ್ಲಿ ಒಂದು ಎಮ್ಮೆ ಕಟ್ಟುತ್ತಾನೆ."

"ನಾನು ಹಿಡಿಸದಿದ್ದರೆ?"

"ಛೆ ಛೆ, ಹಾಗನ್ನಬಾರದು. ಹಿಡಿಸದಿದ್ದರೆ ವಿಠೋಬ ಕೂಗಿದ್ದೇ ನಿಜ ಅಂತಾಗಿಬಿಡುತ್ತದೆ!"

ದೊರೆ ಚೌಕ ನೋಡಿದ. ತನ್ನ ಹೊಟ್ಟೆಯ ಆಚೆಗೆ ಬಗ್ಗಿಯೇ ನೋಡಬೇಕಾಯಿತು. ಮೊದಲು ನಕ್ಕಿದ್ದು ಆ ಹೊಟ್ಟೆಯೇ, ಆಮೇಲೆ ದೊರೆ.

"ವಿಠೋಬಾ, ಮನೆಗೆ ಹೋಗಿ ಮೂಟೆ ಬಿಚ್ಚು ಅಂತ ಹೆಂಡತಿಗೆ ಹೇಳಿ ಬಾ. ನೂರಿಪ್ಪತ್ತಲ್ಲವೇನೋ? ಇನ್ನೈದು ಬಿಟ್ಟೇ ಹೊಲಿ. ಇವತ್ತು ಹೋಳಿಗೆ ಊಟ ಇದೆ."

ಕೇಳಿದಿರಲ್ಲ, ಇನ್ನು ಇಟ್ಟುಕೊಳ್ಳಬೇಡಿ. ಸೊನ್ನೆಗಳನ್ನು ಕಂಡರೆ ಹೆದರುವ ಯಾರಾದರೂ ಸಿಕ್ಕರೆ ಅವರಿಗೆ ದಾಟಿಸಿ. ಒಂದು ಸೊನ್ನೆಯನ್ನೂ ಬಿಡದೆ ಹೇಳಿ.