ಎಂಟು ದಿನದ ತಂತಿ

"ಗುರುಗಳೇ, ಸದ್ಯಕ್ಕೆ ಬೇಡವೆಂದು ಹೇಳದೆ ಬಿಟ್ಟ ಮಾತು ಸುಳ್ಳಾಗುತ್ತದೆಯೇ?" ಎಂದು ಶಿಷ್ಯನಾದ ಅಡವೀಶ ಕೇಳಿದ.

ಅಂದು ಬೆಳಿಗ್ಗೆ ಮಠಕ್ಕೆ ಬಂದಿದ್ದ ಕೆಲವರು ಅಂಗಳದ ಬೇವಿನ ಮರಕ್ಕೆ ಕೈ ಮುಗಿದು, ಇದು ಮೂಲ ಗುರುಗಳು ನೆಟ್ಟ ಊರುಗೋಲು ಚಿಗುರಿ ಆದದ್ದಲ್ಲವೇ ಎಂದು ಅವನನ್ನು ಕೇಳಿದ್ದರು. ಹನ್ನೆರಡು ವರ್ಷದ ಹಿಂದೆ ಆ ಸಸಿಯನ್ನು ನರ್ಸರಿಯಿಂದ ತಂದು ನೆಟ್ಟವನು ಅವನೇ. ಆದರೂ ಅವರ ಮುಖದಲ್ಲಿನ ಭಕ್ತಿಯನ್ನು ಕಂಡು ಸುಮ್ಮನಾಗಿದ್ದ. ಮುಂದೊಮ್ಮೆ ಬಂದಾಗ ಹೇಳಿದರಾಯಿತು ಎಂದುಕೊಂಡಿದ್ದ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಗುಡ್ಡದ ಬುಡದ ಒಂದು ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಕೆಲಸ ಬಲ್ಲವನು, ಮೋಸಗಾರನಲ್ಲ. ಅದೇ ಊರಿನಲ್ಲಿ ಒಬ್ಬ ಚಾಲಕನೂ ಇದ್ದ. ಅವನದೊಂದು ಹಳೆಯ ಬಾಡಿಗೆ ಕಾರು. ಊರಿಗೆಲ್ಲ ಇದ್ದದ್ದು ಅದೊಂದೇ. ಆಸ್ಪತ್ರೆಗಾಗಲಿ, ಕಚೇರಿಗಾಗಲಿ, ಗುಡ್ಡ ಹತ್ತಿ ಇಳಿದು ಪಟ್ಟಣ ಸೇರಬೇಕಾದವರು ಅದನ್ನೇ ನೆಚ್ಚಬೇಕು.

ಒಂದು ಸಂಜೆ ಚಾಲಕ ಕಾರನ್ನು ಗ್ಯಾರೇಜಿಗೆ ತಂದ. ಬಾನೆಟ್ಟಿನ ಕೆಳಗೆ ಬ್ಯಾಟರಿ ಕೂರುವ ತಗಡಿನ ತಟ್ಟೆ ತುಕ್ಕು ತಿಂದು ಮುರಿದಿತ್ತು. ಬ್ಯಾಟರಿ ಒಂದು ಕಡೆಗೆ ವಾಲಿ ಎಂಜಿನ್ನಿಗೆ ತಾಗುವಂತಿತ್ತು. ಹೊಸ ತಟ್ಟೆಯನ್ನು ಪಟ್ಟಣದ ವೆಲ್ಡರ್ ಮಾಡಿಕೊಡಬೇಕು; ಅದಕ್ಕೆ ಎಂಟು ದಿನ ಬೇಕು. ಚಾಲಕನಿಗೋ ಮರುದಿನ ಬೆಳಗಾದರೆ ಬಾಡಿಗೆಯಿತ್ತು.

ಮೆಕ್ಯಾನಿಕ್ ಬ್ಯಾಟರಿಯನ್ನು ಎತ್ತಿ ಹಿಂದಿನ ಡಿಕ್ಕಿಯಲ್ಲಿ ಕೂರಿಸಿ ಹಗ್ಗದಿಂದ ಬಿಗಿದ. ಅದರ ಕೇಬಲ್ಲುಗಳು ಅಷ್ಟು ದೂರ ಮುಟ್ಟುತ್ತಿರಲಿಲ್ಲ. ಅವನ್ನು ಉದ್ದ ಮಾಡಬೇಕಾದರೆ ಬೆರಳುಗಾತ್ರದ ಕೇಬಲ್ಲೇ ಬೇಕು, ಜಾಯಿಂಟನ್ನು ಬೆಸೆದೇ ಕೂಡಿಸಬೇಕು ಎಂಬುದು ಅವನಿಗೆ ಗೊತ್ತಿತ್ತು. ಕೈಗೆ ಸಿಕ್ಕಿದ್ದು ಹಳೆಯ ಪಂಪ್‌ಸೆಟ್ಟಿನಿಂದ ಬಿಚ್ಚಿಟ್ಟಿದ್ದ ತೆಳುವಾದ ತಂತಿ. ಅದನ್ನೇ ಎರಡೆಳೆ ಮಾಡಿ, ಕೇಬಲ್ಲಿನ ತುದಿಗೆ ಹೊಸೆದು, ಟೇಪು ಸುತ್ತಿ, ಸೀಟಿನ ಕೆಳಗೆ ಹಾಯಿಸಿದ. ಅದರ ಅಡಿಯಲ್ಲೇ ಸೈಲೆನ್ಸರ್ ಪೈಪು ಹಾದುಹೋಗಿತ್ತು. ಎಂಟು ದಿನಕ್ಕೆ ಇಷ್ಟು ಸಾಕು, ಒಂಬತ್ತನೆಯ ದಿನಕ್ಕೆ ಇದನ್ನು ನಂಬಬೇಡ ಎಂದು ಚಾಲಕನಿಗೆ ಹೇಳಿ ಕಳಿಸಿದ.

ಎಂಟನೆಯ ದಿನ ಚಾಲಕ ತಪ್ಪದೆ ಬಂದ. ಅಂದು ಮೆಕ್ಯಾನಿಕ್ ಒಂದು ಟ್ರ್ಯಾಕ್ಟರನ್ನು ಬಿಚ್ಚಿ ಹರಡಿಕೊಂಡಿದ್ದ. ಮುಂದಿನ ವಾರ ಬಾ ಎಂದ. ಮುಂದಿನ ವಾರ ಚಾಲಕನಿಗೆ ಸಾಲಾಗಿ ಮದುವೆಯ ಬಾಡಿಗೆಗಳಿದ್ದವು. ಕಾರು ಓಡುತ್ತಿತ್ತು. ಆಮೇಲೆ ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಗುಡ್ಡದ ನೆತ್ತಿಯಲ್ಲಿ, ರಸ್ತೆಯ ಬದಿಗೆ ಒಂದು ಕಲ್ಲಿತ್ತು. ಜನ ಅದನ್ನು ಗುಡ್ಡದಮ್ಮ ಎಂದು ಕರೆಯುತ್ತಿದ್ದರು. ಏರು ಹತ್ತಿ ಕಾದ ಎಂಜಿನ್ನನ್ನು ಚಾಲಕ ಅಲ್ಲಿ ಆರಿಸಿ ರೇಡಿಯೇಟರಿಗೆ ನೀರು ಹಾಕುವುದು ವಾಡಿಕೆ. ಬೇಸಿಗೆಯ ಒಂದು ದಿನ ನೀರು ಹಾಕಿ ಕೀಲಿ ತಿರುಗಿಸಿದರೆ ಟಕ್ಕೆಂದು ಒಂದು ಸದ್ದು ಬಂತೇ ಹೊರತು ಕಾರು ಮಿಸುಕಲಿಲ್ಲ. ಗುಡ್ಡದಮ್ಮನಿಗೆ ಕಾಯಿ ಒಡೆಯದೆ ದಾಟುತ್ತಿರುವುದೇ ತಪ್ಪು ಎಂದು ಕಾರಿನಲ್ಲಿದ್ದ ಮುದುಕಿಯೊಬ್ಬಳು ಹೇಳಿದಳು. ಕೆಳಗಿನ ಹೊಲದ ಮನೆಗೆ ಹೋಗಿ ಕಾಯಿ ತರಲು ಅರ್ಧ ಗಂಟೆ ಹಿಡಿಯಿತು. ಕಾಯಿ ಒಡೆದು ಕೀಲಿ ತಿರುಗಿಸಿದರೆ ಕಾರು ಒಂದೇ ಏಟಿಗೆ ಹೊರಟಿತು.

ಚಾಲಕ ನೇರವಾಗಿ ಗ್ಯಾರೇಜಿಗೆ ಬಂದು ನಡೆದದ್ದನ್ನು ಬೆರಗಿನಿಂದ ವಿವರಿಸಿದ. ಮೆಕ್ಯಾನಿಕನಿಗೆ ಕೇಳುತ್ತಿದ್ದಂತೆಯೇ ಅರ್ಥವಾಯಿತು. ಏರಿನಲ್ಲಿ ಸೈಲೆನ್ಸರ್ ಪೈಪು ಕಾಯುತ್ತದೆ. ಅದರ ಮೇಲಿನ ಜಾಯಿಂಟೂ ಕಾದು ಸಡಿಲಾಗುತ್ತದೆ. ಅರ್ಧ ಗಂಟೆ ಬಿಟ್ಟರೆ ತಣಿದು ಮತ್ತೆ ಕೂಡಿಕೊಳ್ಳುತ್ತದೆ. ಕಾರನ್ನು ಹೊರಡಿಸಿದ್ದು ಕಾಯಿಯಲ್ಲ, ಕಾಯಿ ತರಲು ಹಿಡಿದ ಹೊತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಎದುರಿಗೆ ನಾಲ್ಕು ಜನ ಗಿರಾಕಿಗಳಿದ್ದರು. ತನ್ನ ಕೆಲಸದ ಹುಳುಕನ್ನು ಅವರ ಮುಂದೆ ತಾನೇ ಹೇಗೆ ಬಿಚ್ಚುವುದು? ಚಾಲಕ ಒಬ್ಬನೇ ಸಿಕ್ಕಾಗ ಹೇಳಿದರಾಯಿತು ಎಂದುಕೊಂಡ.

ಚಾಲಕ ಎಷ್ಟೋ ಸಲ ಒಬ್ಬನೇ ಸಿಕ್ಕ.

ಅಷ್ಟರಲ್ಲಿ ಅದೊಂದು ಕಟ್ಟಳೆಯಾಗಿಬಿಟ್ಟಿತು. ನೆತ್ತಿಯಲ್ಲಿ ಕಾರು ನಿಲ್ಲಬೇಕು, ಎಂಜಿನ್ ಆರಬೇಕು, ಕಾಯಿ ಒಡೆಯಬೇಕು, ಅರ್ಧ ಗಂಟೆ ಎಲ್ಲರೂ ಕೂರಬೇಕು. ಕೂತವರಿಗೆ ಕಾರು ಹೊರಟಿತು, ಅವಸರಪಟ್ಟವರಿಗೆ ಹೊರಡಲಿಲ್ಲ. ಇದಕ್ಕಿಂತ ಬೇರೆ ಸಾಕ್ಷಿ ಯಾರಿಗೂ ಬೇಕೆನಿಸಲಿಲ್ಲ. ಈ ಕಾರು ಪೆಟ್ರೋಲಿಗಿಂತ ಕಾಯಿನೀರನ್ನೇ ಹೆಚ್ಚು ಕುಡಿಯುತ್ತದೆ ಎಂದು ಕಾಲೇಜಿಗೆ ಹೋಗುವವರು ನಗುತ್ತಿದ್ದರು. ನೆತ್ತಿ ಬಂದಾಗ ಅವರೂ ಚಪ್ಪಲಿ ಬಿಟ್ಟು ಇಳಿಯುತ್ತಿದ್ದರು. ಚಾಲಕ ಬ್ಯಾಟರಿಗೆ ಕುಂಕುಮ ಹಚ್ಚಿ ಡಿಕ್ಕಿಗೆ ಬೀಗ ಹಾಕಿದ. ದೇವಿ ಬಂದು ಕೂತ ಕಾರನ್ನು ಮುಟ್ಟಿದ ಕೈ ಎಂದು ಸುತ್ತಲಿನ ಹಳ್ಳಿಗಳ ವಾಹನಗಳೆಲ್ಲ ಮೆಕ್ಯಾನಿಕನ ಗ್ಯಾರೇಜಿಗೇ ಬರತೊಡಗಿದವು. ಅವನು ಹೌದೆಂದು ಎಂದೂ ಹೇಳಲಿಲ್ಲ. ಕೇಳಿದವರ ಮುಂದೆ ಸುಮ್ಮನೆ ತಲೆ ತಗ್ಗಿಸುತ್ತಿದ್ದ. ಅದನ್ನು ಜನ ವಿನಯ ಎಂದರು.

ಒಂದು ವರ್ಷ ಕಳೆದ ಮೇಲೆ ಅವನ ಮನಸ್ಸು ಕುಟುಕಿತು. ಒಳ್ಳೆಯ ಕೇಬಲ್ಲು ಕೊಂಡು ಚಾಲಕನ ಮನೆಗೆ ಹೋದ. ತಂತಿ ಹಳತಾಗಿದೆ, ಬದಲಿಸುತ್ತೇನೆ ಎಂದ. ಕೂತ ದೇವಿಯನ್ನು ಎಬ್ಬಿಸುವುದು ಬೇಡವೆಂದು ಚಾಲಕ ಕೈ ಮುಗಿದ. ಜಗಲಿಯ ಮೇಲೆ ಅವರಿಬ್ಬರೇ ಇದ್ದರು. ತಂತಿ ಹಳತೆಂದು ಮೆಕ್ಯಾನಿಕ್ ಇನ್ನೊಮ್ಮೆ ಹೇಳಿದ. ತಪ್ಪು ತನ್ನದೆಂದು ಮಾತ್ರ ಹೇಳಲಿಲ್ಲ. ಕೇಬಲ್ಲನ್ನು ಹಿಂದಕ್ಕೆ ತಂದು ಗೋಡೆಯ ಮೊಳೆಗೆ ತೂಗುಹಾಕಿದ.

ಎರಡನೆಯ ವರ್ಷ ಚಾಲಕನ ತಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಒಂದು ಮಧ್ಯಾಹ್ನ ನೋವು ಕಾಣಿಸಿತು. ಮಗು ಬರಲಿಲ್ಲ, ರಕ್ತ ನಿಲ್ಲಲಿಲ್ಲ. ಒಂದು ಕ್ಷಣವೂ ತಡ ಮಾಡದೆ ಪಟ್ಟಣಕ್ಕೆ ಒಯ್ಯಿರಿ ಎಂದು ಊರಿನ ನರ್ಸು ಹೇಳಿದಳು. ತಂಗಿಯನ್ನು ಹಿಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ಮಲಗಿಸಿದರು. ಎತ್ತಿ ಇಳಿಸಲು ಒಬ್ಬರು ಬೇಕೆಂದು ಮೆಕ್ಯಾನಿಕ್ ಮುಂದೆ ಹತ್ತಿದ.

ಏರಿನುದ್ದಕ್ಕೂ ಅವನ ಅಂಗಾಲಿಗೆ ಕಾರಿನ ತಳದ ಕಾವು ತಾಗುತ್ತಿತ್ತು. ಇಂದಂತೂ ಚಾಲಕ ನಿಲ್ಲಿಸಲಾರ ಎಂದು ತನಗೆ ತಾನೇ ಹೇಳಿಕೊಂಡ. ಹಾಗೆ ಹೇಳಿಕೊಂಡದ್ದರಿಂದ ಆಗಲೂ ಬಾಯಿ ತೆರೆಯಲಿಲ್ಲ.

ನೆತ್ತಿಯಲ್ಲಿ ಚಾಲಕ ಕಾರನ್ನು ಬದಿಗೆ ನಿಲ್ಲಿಸಿ ಕೀಲಿ ತಿರುಗಿಸಿದ. ಎಂಜಿನ್ ಆರಿತು.

ಮೆಕ್ಯಾನಿಕ್ ಇಳಿದು ಓಡಿ ಅವನ ಕೈ ಹಿಡಿದ. ತೆಳು ತಂತಿ, ಸುತ್ತಿದ ಟೇಪು, ಕಾದ ಪೈಪು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಇಳಿಜಾರು ಹತ್ತು ಮಾರು ಮುಂದಿದೆ, ಇಬ್ಬರೂ ತಳ್ಳಿದರೆ ಉರುಳುತ್ತದೆ, ಉರುಳಿದರೆ ಎಂಜಿನ್ ಹಿಡಿಯುತ್ತದೆ ಎಂದ.

ಚಾಲಕನ ಕೈಯಲ್ಲಿ ಕಾಯಿಯಿತ್ತು. ಅವನು ಸಿಟ್ಟಾಗಲಿಲ್ಲ. "ಎರಡು ವರ್ಷ ದಿನಾ ನನ್ನ ಮುಖ ನೋಡಿದ್ದೀಯ ಮೇಸ್ತ್ರಿ. ಇದು ನಿಜವಾಗಿದ್ದರೆ ಒಂದು ದಿನವಾದರೂ ಹೇಳ್ತಿರಲಿಲ್ಲವಾ? ತಂಗಿಯನ್ನ ನೋಡಿ ನಿನಗೆ ದಿಗಿಲು ಹಿಡಿದಿದೆ. ದೇವಿ ಎದುರಿಗೆ ಇಂಥ ಮಾತು ಬೇಡ, ತಂಗಿಗೇ ಕೇಡು."

"ಹೇಳದೆ ಇದ್ದದ್ದು ನನ್ನ ತಪ್ಪು ಕಣಪ್ಪ. ನಿನ್ನ ಕಾಲು ಹಿಡೀತೀನಿ, ಬಂದು ತಳ್ಳು."

ಚಾಲಕ ಕಲ್ಲಿನತ್ತ ನಡೆದ. ಬ್ಯಾಟರಿಯ ಬಳಿ ಏನಾದರೂ ಮಾಡೋಣವೆಂದರೆ ಡಿಕ್ಕಿಯ ಬೀಗದ ಕೈ ಅವನ ಸೊಂಟದಲ್ಲಿತ್ತು, ಕೇಳಿದರೆ ಕೊಡಲಿಲ್ಲ. ಮೆಕ್ಯಾನಿಕ್ ಒಬ್ಬನೇ ಕಾರಿಗೆ ಹೆಗಲು ಕೊಟ್ಟ. ಅದು ಅಲುಗಲಿಲ್ಲ. ಇಷ್ಟು ಹೊತ್ತು ತಡೆದಿದ್ದೀಯ, ಇನ್ನು ಸ್ವಲ್ಪ ತಡಿ, ದೇವಿಯ ಮುಂದೆ ಜಗಳ ಬೇಡಪ್ಪ ಎಂದು ಒಳಗಿನಿಂದ ತಾಯಿ ಅಳುತ್ತ ಮೆಕ್ಯಾನಿಕನನ್ನು ಬೇಡಿಕೊಂಡಳು. ಇನ್ನೆಷ್ಟು ಹೊತ್ತು ಎಂದು ತಂಗಿ ಅಣ್ಣನನ್ನು ಒಂದು ಸಲ ಕೇಳಿದಳು. ಇನ್ನೇನು ಹೊರಟೆವು ಎಂದು ಅವನು ಹೇಳಿದ. ಎರಡನೆಯ ಸಲ ಅವಳು ಕೇಳಲಿಲ್ಲ. ತಂಗಿಯೆಂದರೆ ಅವನಿಗೆ ಜೀವ. ಅದಕ್ಕಾಗಿಯೇ ಅವನು ಆ ಅರ್ಧ ಗಂಟೆಯಲ್ಲಿ ಒಂದು ನಿಮಿಷವನ್ನೂ ಕಡಿಮೆ ಮಾಡಲಿಲ್ಲ.

ಹೊತ್ತು ಮುಗಿಯಿತು. ಕೀಲಿ ತಿರುಗಿಸಿದಾಗ ಕಾರು ಒಂದೇ ಏಟಿಗೆ ಹೊರಟಿತು. ಪಟ್ಟಣದ ವೈದ್ಯರು ತಂಗಿಯ ಕೈ ಹಿಡಿದು ನೋಡಿ ಕೆಳಗಿಟ್ಟರು. ಮಗುವೂ ಉಳಿದಿರಲಿಲ್ಲ. ಇಪ್ಪತ್ತು ನಿಮಿಷ ಮೊದಲು ತರಲಾಗಲಿಲ್ಲವೇ ಎಂದು ಅವರು ಕೇಳಿದರು.

ಮಣ್ಣು ಮಾಡಿ ಬಂದ ದಿನ ಮೆಕ್ಯಾನಿಕ್ ಊರವರೆಲ್ಲರ ಮುಂದೆ ಸೀಟನ್ನು ಕಿತ್ತು ತಂತಿಯನ್ನು ಹೊರಗೆಳೆದ. ಟೇಪು ಕರಗಿ ಕರಿಕಾಗಿತ್ತು. ಅದನ್ನು ಎತ್ತಿ ಹಿಡಿದು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದ. ಯಾರಾದರೂ ತನ್ನನ್ನು ಹೊಡೆಯಲಿ ಎಂದು ಅವನು ಬಯಸಿದ್ದ. ಯಾರೂ ಹೊಡೆಯಲಿಲ್ಲ. ನೆತ್ತಿಯ ಮೇಲೆ ಇವನು ಆಡಿದ ಮಾತಿಗೆ ದೇವಿ ಮುನಿದು ಜೀವ ತೆಗೆದುಕೊಂಡಳು, ಈಗ ಪಶ್ಚಾತ್ತಾಪದಿಂದ ಹೀಗೆ ಬಡಬಡಿಸುತ್ತಿದ್ದಾನೆ ಎಂದು ಹಿರಿಯರೊಬ್ಬರು ಹೇಳಿದರು. ಎಲ್ಲರಿಗೂ ಅದೇ ಸರಿಯೆನಿಸಿತು. ಚಾಲಕ ಸುಟ್ಟ ತಂತಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೋಗಿ ಗುಡ್ಡದಮ್ಮನ ಮುಂದೆ ಇಟ್ಟ.

ಮೆಕ್ಯಾನಿಕ್ ಮೊಳೆಯಲ್ಲಿದ್ದ ಕೇಬಲ್ಲನ್ನು ಕಾರಿಗೆ ಹಾಕಿದ. ಈಗ ಅದು ಎಷ್ಟು ಕಾದರೂ ಯಾವ ಏರಿನಲ್ಲೂ ಹೊರಡುತ್ತದೆ. ಆದರೂ ನೆತ್ತಿಯಲ್ಲಿ ಅರ್ಧ ಗಂಟೆ ನಿಲ್ಲುತ್ತದೆ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಕೊನೆಗಾದರೂ ಅವನು ಬಾಯಿ ಬಿಟ್ಟು ಹೇಳಿದನಲ್ಲ ಗುರುಗಳೇ, ಅವರೇಕೆ ನಂಬಲಿಲ್ಲ?" ಎಂದು ಅಡವೀಶ ಕೇಳಿದ.

"ನಂಬಿದ್ದರಪ್ಪ," ಎಂದರು ಗುರುಗಳು, "ಎರಡು ವರ್ಷ ಅವನು ಬಾಯಿ ಬಿಡದೆ ಹೇಳಿದ್ದನ್ನು."