ದಾರಿಯಿಂದ ನೋಡಿದ ಹೊಲ

"ಗುರುಗಳೇ, ವರ್ಷಗಟ್ಟಲೆ ಕೂಡಿಟ್ಟ ತಾಳ್ಮೆ ಒಂದೇ ಮಾತಿಗೆ ಕೊಚ್ಚಿಕೊಂಡು ಹೋಗುವುದೇಕೆ?" ಎಂದು ಚೆನ್ನವೀರ ಕೇಳಿದ.

ಚೆನ್ನವೀರ ಮಠದ ಶಿಷ್ಯರಲ್ಲಿ ಹಿರಿಯವನು. ಇಂಥ ಶಾಂತ ಸ್ವಭಾವದವನನ್ನು ಕಂಡೇ ಇಲ್ಲವೆಂದು ಬಂದ ಭಕ್ತರೆಲ್ಲ ಅವನನ್ನು ಹೊಗಳುತ್ತಿದ್ದರು. ಹಿಂದಿನ ದಿನ ಊಟದ ಪಂಕ್ತಿಯಲ್ಲಿ ಯಾರೋ ಒಬ್ಬರು ಸಾರು ಸಪ್ಪೆಯಾಗಿದೆ ಎಂದದ್ದಕ್ಕೆ, ಬಡಿಸುತ್ತಿದ್ದ ಸೌಟನ್ನು ಗೋಡೆಗೆ ಬೀಸಿ ಒಗೆದಿದ್ದ. ಆಗಿನಿಂದ ಅವನಿಗೆ ಅನ್ನ ಸೇರುತ್ತಿಲ್ಲ. ಮಠ ಬಿಟ್ಟು ಹೋಗಿಬಿಡುವುದೇ ಸರಿ ಎಂದುಕೊಂಡು ಗುರುಗಳ ಬಳಿ ಬಂದಿದ್ದ.

ಗುರುಗಳು ಹೋಗು ಎನ್ನಲಿಲ್ಲ, ಇರು ಎನ್ನಲೂ ಇಲ್ಲ. ಕುಳಿತುಕೋ ಎಂದು ಸನ್ನೆ ಮಾಡಿ, ಒಂದು ಹೊಲದ ಕತೆ ಹೇಳತೊಡಗಿದರು.

ಒಬ್ಬ ರೈತನಿದ್ದ. ಅವನ ಹೊಲ ಇಳಿಜಾರಿನಲ್ಲಿತ್ತು. ಮೇಲೆ ಗುಡ್ಡ, ಕೆಳಗೆ ಬಂಡಿದಾರಿ. ಕೆಂಪು ಮಣ್ಣು, ಅದೂ ಮೇಲೆ ಒಂದು ಗೇಣು ಮಾತ್ರ. ಅದರ ಕೆಳಗೆ ಬರೀ ಗರಸು, ಏನೂ ಬೆಳೆಯದ ಕಲ್ಲುಪುಡಿ. ಆ ಒಂದು ಗೇಣು ಮಣ್ಣೇ ಮನೆಮಂದಿಯ ಅನ್ನ. ರೈತನ ಅಪ್ಪ ಅದನ್ನು ಜೋಪಾನವಾಗಿ ಕಾಯ್ದಿದ್ದ. ಯಾವಾಗಲೂ ಇಳಿಜಾರಿಗೆ ಅಡ್ಡವಾಗಿಯೇ ಉಳುತ್ತಿದ್ದ. ಒಂದೊಂದು ಸಾಲೂ ಮಳೆನೀರನ್ನು ತಡೆದು ನಿಲ್ಲಿಸಿ ನೆಲಕ್ಕೆ ಕುಡಿಸುತ್ತಿತ್ತು. ಕೊಯ್ದ ಮೇಲೆ ನೆಲದಲ್ಲಿ ಉಳಿದ ಜೋಳದ ಕೂಳೆಯನ್ನು ಅವನು ಕೀಳುತ್ತಿರಲಿಲ್ಲ. ಬದುವಿನ ಮೇಲೆ ಹುಲ್ಲು ಬೆಳೆಯಲು ಬಿಟ್ಟಿದ್ದ. ನೋಡಲು ಚೆಂದವೇನಿರಲಿಲ್ಲ, ಬಿಡು. ತಲೆ ಬಾಚಿಕೊಳ್ಳದೆ ಸಂತೆಗೆ ಹೊರಟವನ ಹಾಗೆ ಕಾಣುತ್ತಿತ್ತು ಆ ಹೊಲ. ಆದರೆ ಬೆಳೆ ಒಂದು ವರ್ಷವೂ ಕೈಕೊಟ್ಟಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಹೊಲ ರೈತನ ಕೈಗೆ ಬಂತು. ಅವನಿಗೆ ಒಬ್ಬನೇ ಮಗ. ಮಗನಿಗೆ ಮದುವೆಯ ವಯಸ್ಸು ಮೀರುತ್ತಿತ್ತು, ಎಲ್ಲಿಯೂ ಸಂಬಂಧ ಕೂಡಿಬರುತ್ತಿರಲಿಲ್ಲ. ಅಂತೂ ಇಂತೂ ಒಂದು ಒಳ್ಳೆಯ ಮನೆತನದವರು ಮನೆ, ಹೊಲ ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಆ ಸೀಮೆಯಲ್ಲೊಂದು ರೂಢಿ. ಮಾತು ಗಟ್ಟಿಯಾಗುವವರೆಗೆ ಹೆಣ್ಣಿನ ಕಡೆಯವರು ಗಂಡಿನವರ ಹೊಲಕ್ಕೆ ಕಾಲಿಡಬಾರದು. ದಾರಿಯಲ್ಲಿ ಬಂಡಿ ನಿಲ್ಲಿಸಿ ಅಲ್ಲಿಂದಲೇ ನೋಡಬೇಕು. ಉಳುಮೆಯ ಸಾಲು ನೆಟ್ಟಗಿದ್ದರೆ ಆ ಮನೆಯವರೂ ನೆಟ್ಟಗಿನ ಜನ ಎಂದು ಅವರ ಲೆಕ್ಕ.

ರೈತ ದಾರಿಯಲ್ಲಿ ನಿಂತು ತನ್ನ ಹೊಲವನ್ನು ತಾನೇ ನೋಡಿದ. ನಾಚಿಕೆಯಾಯಿತು. ಅಡ್ಡ ಸಾಲುಗಳು ಗುಡ್ಡದ ಮೈ ಹಿಡಿದು ಬಳುಕುತ್ತ ಹೋಗುತ್ತವೆ. ಕೆಳಗೆ ನಿಂತವರಿಗೆ ಅವು ಸೊಟ್ಟ ಕಾಣುತ್ತವೆ. ನೆಟ್ಟಗೆ ಕಾಣಬೇಕಾದರೆ ಗುಡ್ಡದಿಂದ ದಾರಿಯ ಕಡೆಗೆ ಇಳಿಯುವಂತೆ ಉಳಬೇಕು. ಹಾಗೆಯೇ ಉಳುವುದೆಂದು ನಿಶ್ಚಯಿಸಿದ.

ಅವನ ಹೆಂಡತಿ ತಡೆಯಲು ನೋಡಿದಳು. "ಮಾವ ಒಂದು ದಿನವೂ ಹೀಗೆ ಉತ್ತವರಲ್ಲ. ನೀರಿಗೆ ನೀವೇ ದಾರಿ ಮಾಡಿಕೊಡುತ್ತಿದ್ದೀರಿ" ಎಂದಳು.

"ಅವರು ಒಂದು ಸಲ ನೋಡಿ ಹೋಗಲಿ. ಆಮೇಲೆ ಅಡ್ಡ ಉಳುವುದು ಇದ್ದೇ ಇದೆ" ಎಂದ ರೈತ.

ಸಾಲು ನಡುವೆ ತುಂಡಾಗಬಾರದಲ್ಲ, ಅದಕ್ಕೆ ಬದುಗಳನ್ನು ಅಗೆದು ಸಮ ಮಾಡಿದ. ಕೂಳೆ ಕಿತ್ತು ಸುಟ್ಟ. ಸಣ್ಣ ಕಲ್ಲುಗಳನ್ನೂ ಬಿಡದೆ ಆರಿಸಿ ಆಚೆ ಹಾಕಿದ. ಒಂದು ಹೆಂಟೆಯೂ ಉಳಿಯದಂತೆ ಕುಂಟೆ ಹೊಡೆದೂ ಹೊಡೆದೂ ಮಣ್ಣನ್ನು ಹಿಟ್ಟು ಮಾಡಿದ. ಕೊನೆಗೆ ಮೇಲಿನಿಂದ ಕೆಳಗಿನವರೆಗೆ ದಾರ ಹಿಡಿದಂತೆ ಸಾಲು ಎಳೆದ.

ಹೆಣ್ಣಿನ ಅಪ್ಪ ಬಂದ, ದಾರಿಯಲ್ಲಿ ನಿಂತು ನೋಡಿದ, ಬಾಯಿತುಂಬ ಹೊಗಳಿದ. ಮುಂದಿನ ವಾರ ಹಿರಿಯರನ್ನು ಕರೆತಂದು ವೀಳ್ಯ ಬದಲಾಯಿಸಿಕೊಳ್ಳುವುದೆಂದು ಮಾತಾಯಿತು. ರೈತನಿಗೆ ಸ್ವರ್ಗ ಮೂರೇ ಗೇಣು. ಇನ್ನಾದರೂ ಅಡ್ಡ ಉಳಬೇಕೆಂದು ಹೆಂಡತಿ ಅಂಗಲಾಚಿದಳು. ಆದರೆ ಬಂದವರು ಇನ್ನೊಮ್ಮೆ ಬರುವವರು. ಅವರು ಹೊಗಳಿದ ಹೊಲವನ್ನು ಕೆಡಿಸಲು ಅವನಿಗೆ ಮನಸ್ಸು ಬರಲಿಲ್ಲ. ವೀಳ್ಯವೊಂದು ಮುಗಿಯಲಿ ಎಂದ.

ವೀಳ್ಯದ ಹಿಂದಿನ ದಿನ ಮಳೆ ಬಂತು. ಭಾರಿ ಮಳೆಯೇನಲ್ಲ, ಪ್ರತಿ ವರ್ಷ ಬರುವಂಥದ್ದೇ. ಮೊದಲ ಹನಿಗಳು ಹಿಟ್ಟಿನಂಥ ಮಣ್ಣನ್ನು ಬಡಿದು ಬಡಿದು ಗಿಲಾವು ಮಾಡಿದಂತೆ ಮುಚ್ಚಿಬಿಟ್ಟವು. ನೆಲ ಕುಡಿಯುವುದನ್ನು ನಿಲ್ಲಿಸಿತು. ಒಳಗೆ ಇಳಿಯಲಾಗದ ನೀರು ಸಾಲಿಗೆ ಬಿತ್ತು. ಸಾಲು ನೆಟ್ಟಗೆ ಕೆಳಗೆ ಹೋಗುತ್ತಿತ್ತು, ನೀರೂ ಹಾಗೆಯೇ ಹೋಯಿತು. ತಡೆಯಲು ಬದುವಿಲ್ಲ, ಮಣ್ಣನ್ನು ಹಿಡಿಯಲು ಬೇರಿಲ್ಲ. ನೋಡನೋಡುತ್ತಿದ್ದಂತೆ ಸಾಲುಗಳೆಲ್ಲ ಕೊರಕಲಾದವು. ರೈತ ಗೋಣಿಚೀಲ ಹೊದ್ದುಕೊಂಡು ಓಡಿ ಬಂದು ಅಡ್ಡ ಕಲ್ಲಿಟ್ಟ, ಹೆಂಟೆಗಾಗಿ ಹುಡುಕಿದ, ಕಡೆಗೆ ತಾನೇ ಸಾಲಿಗೆ ಅಡ್ಡವಾಗಿ ಕೂತ. ಕೆಂಪು ನೀರು ಅವನನ್ನು ಬಳಸಿಕೊಂಡು ಹೋಯಿತು. ಅಪ್ಪನನ್ನು ನೆನೆದು ಅವನಿಗೆ ಅಳು ತಡೆಯಲಾಗಲಿಲ್ಲ. ಪಕ್ಕದವನ ಹೊಲದಲ್ಲಿ ಅದೇ ಮಳೆ ಅಡ್ಡ ಸಾಲುಗಳಲ್ಲಿ ನಿಂತು ನಿಧಾನವಾಗಿ ಇಂಗುತ್ತಿತ್ತು.

ಮರುದಿನ ಬೀಗರ ಬಂಡಿ ಬಂತು. ಹೊಲದ ಕೆಳಗೆ ದಾರಿಯ ತುಂಬ ಬಂದು ಬಿದ್ದಿದ್ದ ಕೆಸರಿನಲ್ಲಿ ಅದು ಅಚ್ಚಿನವರೆಗೂ ಹೂತುಕೊಂಡಿತು. ಹಿರಿಯರೆಲ್ಲ ಇಳಿದು ತಳ್ಳಿದರು. ಎದುರುಗೊಳ್ಳಲು ಬಂದಿದ್ದ ರೈತನೂ ಹೆಗಲು ಕೊಟ್ಟ. ಬಂಡಿ ಮೇಲೆ ಬಂದಾಗ ಹೆಣ್ಣಿನ ಅಪ್ಪ ತನ್ನ ಕೈಗೆ ಮೆತ್ತಿದ್ದ ಕೆಂಪು ಮಣ್ಣನ್ನು ನೋಡಿಕೊಂಡ. ತಲೆಯೆತ್ತಿ ಹೊಲದ ಕಡೆ ನೋಡಿದ. ಅಲ್ಲಿ ಉದ್ದಕ್ಕೂ ಗರಸು ಎದ್ದಿತ್ತು.

ಅವನು ರೈತನ ಮುಂದೆ ಕೈ ಚಾಚಿದ. "ನಾನು ಮೆಚ್ಚಿದ ಹೊಲ ಇದು. ನನ್ನ ಮಗಳು ಅಲ್ಲಿ ಏನನ್ನು ಬಿತ್ತಬೇಕು?"

ಅವರು ಬಂಡಿಯನ್ನು ಬಂದ ದಾರಿಗೇ ತಿರುಗಿಸಿದರು. ವೀಳ್ಯದ ತಟ್ಟೆ ಮನೆಯಲ್ಲಿ ಹಾಗೆಯೇ ಉಳಿಯಿತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಚೆನ್ನವೀರನಿಗೆ ರೈತನ ಮೇಲೆ ಕನಿಕರವೂ ಬಂತು, ಸಿಟ್ಟೂ ಬಂತು. ಮಣ್ಣು ಉಳಿದರೆ ತಾನೇ ಮನೆ ಉಳಿಯುವುದು, ದಾರಿಯಲ್ಲಿ ನಿಂತವರ ಕಣ್ಣಿಗಾಗಿ ಯಾರಾದರೂ ಉಳುತ್ತಾರೆಯೇ, ಅಂಥ ದಡ್ಡನೂ ಇರುತ್ತಾನೆಯೇ ಎಂದು ಕೇಳಿದ.

"ಮಠದಲ್ಲಿ ಇಷ್ಟೊಂದು ಮೂಲೆಗಳಿರುವಾಗ, ಚೆನ್ನವೀರ, ನೀನು ಧ್ಯಾನಕ್ಕೆ ದಿನವೂ ಹೆಬ್ಬಾಗಿಲಿನ ಎದುರೇ ಏಕೆ ಕೂರುತ್ತೀಯ?" ಎಂದರು ಗುರುಗಳು.