ಔಷಧಿ ಕೋಣೆಯ ಬೀಗದ ಕೈ

"ಗುರುಗಳೇ, ಸರ್ಕಾರ ಜಾರಿಕೊಳ್ಳದ ಹಾಗೆ ಪ್ರಶ್ನೆ ಕೇಳುವುದು ಹೇಗೆ?"

ಕೇಳಿದವನು ವಿರೂಪಾಕ್ಷ. ಚಿಕ್ಕಂದಿನಲ್ಲಿ ಗುರುಗಳ ಬಳಿ ಓದಿದವನು. ಈಗ ಮೊದಲ ಸಲ ಗೆದ್ದು ಶಾಸಕನಾಗಿದ್ದ. ಸೋಮವಾರ ಅಧಿವೇಶನ. ಕೈಯಲ್ಲಿ ನಲವತ್ತು ಪ್ರಶ್ನೆಗಳ ಕಡತವಿತ್ತು. ಹೇಳಿದ ಹೊತ್ತಿಗಿಂತ ಹತ್ತು ನಿಮಿಷ ತಡವಾಗಿ ಬಂದಿದ್ದ.

"ತಡವಾಯಿತು, ತಪ್ಪು ತಿಳಿಯಬೇಡಿ," ಎಂದ. "ಗೇಟಿನಲ್ಲಿ ಒಬ್ಬ ಹಿಡಿದುಕೊಂಡ. ರೈಲ್ವೆ ಕೆಳಸೇತುವೆಯಲ್ಲಿ ನೀರು ನಿಲ್ಲುತ್ತದಂತೆ. ಇನ್ನೂ ಏನೋ ಹೇಳುತ್ತಿದ್ದ, ಗೊತ್ತಾಯಿತು, ದೆಹಲಿಗೆ ಬರೆಯುತ್ತೇನೆ ಎಂದು ಹೇಳಿ ಬಂದೆ."

ಗುರುಗಳು ಮಾತು ಖರ್ಚು ಮಾಡುವವರಲ್ಲ. ಕಡತವನ್ನು ತೆರೆದು ನೋಡಲಿಲ್ಲ. "ಕೂತುಕೋ," ಎಂದರು. ಕತೆ ಹೇಳಿದರು.

ಒಬ್ಬ ಶಾಸಕನಿದ್ದ. ಸದನದಲ್ಲಿ ಅವನಷ್ಟು ಪ್ರಶ್ನೆ ಕೇಳಿದವರು ಇನ್ನೊಬ್ಬರಿರಲಿಲ್ಲ. ರಸ್ತೆಯ ಬಗ್ಗೆ ಕೇಳುತ್ತಿದ್ದ, ಶಾಲೆಯ ಬಗ್ಗೆ ಕೇಳುತ್ತಿದ್ದ, ದೇಶದ ಗಡಿಯ ಬಗ್ಗೆಯೂ ಕೇಳುತ್ತಿದ್ದ. ಗಡಿ ನಮ್ಮ ಇಲಾಖೆಗೆ ಬರುವುದಿಲ್ಲ ಎಂದು ಉತ್ತರ ಬರುತ್ತಿತ್ತು. ಅದನ್ನೂ ಜೋಪಾನವಾಗಿ ಕಡತಕ್ಕೆ ಸೇರಿಸುತ್ತಿದ್ದ. ಅತಿ ಹೆಚ್ಚು ಪ್ರಶ್ನೆ ಕೇಳಿದವನು ಎಂದು ಯಾವುದೋ ಸಂಘದವರು ಶಾಲು ಹೊದಿಸಿದ್ದರು. ಆ ಫೋಟೊ ಅವನ ಕಚೇರಿಯ ಗೋಡೆಯ ಮೇಲಿತ್ತು.

ಅವನ ಕ್ಷೇತ್ರ ಕಬ್ಬಿನ ಸೀಮೆ. ಒಂದು ಬೆಳಿಗ್ಗೆ ಕಬ್ಬು ಕಡಿಯುವ ಹೆಂಗಸೊಬ್ಬಳು ಮನೆಗೆ ಬಂದಳು. ಅವಳ ಗಂಡನಿಗೆ ಗದ್ದೆಯಲ್ಲಿ ಹಾವು ಕಡಿದಿತ್ತು. ಊರಿನ ಸರ್ಕಾರಿ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದರು. ಗಂಡ ಉಳಿಯಲಿಲ್ಲ. ಈಗ ಅವಳೂ ಅವಳ ಮೈದುನನೂ ಅದೇ ಗದ್ದೆಗಳಲ್ಲಿ ಕಡಿಯುತ್ತಿದ್ದರು. ಕಟಾವು ಮುಗಿಯಲು ಇನ್ನೂ ಎರಡು ತಿಂಗಳಿತ್ತು.

"ಆಸ್ಪತ್ರೇಲಿ ಔಷಧಿ ಸಿಗಲಿಲ್ಲ ಸ್ವಾಮಿ," ಎಂದಳು. "ನಾವು ಹೋದಾಗ..."

"ಗೊತ್ತಾಯಿತು ಬಿಡಮ್ಮ," ಎಂದ ಶಾಸಕ. "ಇದನ್ನು ಇಲ್ಲಿಗೆ ಬಿಡುವವನಲ್ಲ ನಾನು. ಸದನದಲ್ಲಿ ಎತ್ತುತ್ತೇನೆ." ಆಪ್ತ ಸಹಾಯಕನ ಕಡೆ ತಿರುಗಿದ. "ಬರೆದುಕೊ."

ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದರು. ಹೆಂಗಸು ಕೈಮುಗಿದು ಹೋದಳು.

ಆಪ್ತ ಸಹಾಯಕ ಪಳಗಿದವನು. ಒಂದು ಸಾಲಿನ ವಿಷಯವನ್ನು ಒಂದು ಪುಟ ಮಾಡಬಲ್ಲವನು. ದೇಶದಲ್ಲಿ ಹಾವು ಕಡಿದು ವರ್ಷಕ್ಕೆ ಸಾಯುವವರು ಎಷ್ಟು, ರಾಜ್ಯದಲ್ಲಿ ಎಷ್ಟು, ಔಷಧಿ ಎಲ್ಲಿ ತಯಾರಾಗುತ್ತದೆ ಎಂದೆಲ್ಲ ಬರೆದ. ಕೊನೆಗೆ ಊರಿನ ವಿಷಯ ಬರೆದ. ಈ ಆಸ್ಪತ್ರೆಯಲ್ಲಿ ಹಾವು ಕಡಿತದ ಔಷಧಿ ಇಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ಕೈಗೊಂಡ ಕ್ರಮವೇನು?

ಶಾಸಕ ಓದಿ ನೋಡಿದ. ತೂಕವಾಗಿದೆ ಎಂದ. ಸಹಿ ಹಾಕಿದ.

ಉತ್ತರ ಬಂತು. ದೇಶದ ಸಂಖ್ಯೆ ಕೇಂದ್ರ ಸರ್ಕಾರಕ್ಕೆ ಸಂಬಂಧಿಸಿದ್ದು. ರಾಜ್ಯದ ಸಂಖ್ಯೆಯನ್ನು ಹದಿನಾರು ಪುಟಗಳ ಅನುಬಂಧದಲ್ಲಿ ಒದಗಿಸಿದೆ. ಊರಿನ ಆಸ್ಪತ್ರೆಯಲ್ಲಿ ಔಷಧಿ ಇಲ್ಲದಿರುವುದು ಗಮನಕ್ಕೆ ಬಂದಿರುವುದಿಲ್ಲ. ಆದ್ದರಿಂದ ಕ್ರಮದ ಪ್ರಶ್ನೆ ಉದ್ಭವಿಸುವುದಿಲ್ಲ.

ಶಾಸಕ ಎದ್ದು ನಿಂತ. ಅವನ ಗಂಟಲು ದೊಡ್ಡದು.

"ಮಾನ್ಯ ಸಭಾಧ್ಯಕ್ಷರೇ, ಒಬ್ಬ ಬಡವ ಸತ್ತಿದ್ದಾನೆ. ಆಸ್ಪತ್ರೆಯಲ್ಲಿ ಔಷಧಿ ಇಲ್ಲದೆ ಸತ್ತಿದ್ದಾನೆ. ಮಂತ್ರಿಗಳ ಗಮನಕ್ಕೆ ಬರಲು ಇನ್ನೂ ಎಷ್ಟು ಹೆಣ ಬೀಳಬೇಕು?"

ಮಂತ್ರಿ ಸಿಟ್ಟಾಗಲಿಲ್ಲ. ಅಧಿಕಾರಿಗಳು ಕೂತಿದ್ದ ಕಡೆಯಿಂದ ಅವರಿಗೊಂದು ಚೀಟಿ ಬಂತು. ಅದನ್ನು ಓದಿ ಎದ್ದರು.

"ಆ ವ್ಯಕ್ತಿ ಸತ್ತ ದಿನ ಆ ಆಸ್ಪತ್ರೆಯಲ್ಲಿ ಹನ್ನೆರಡು ಸೀಸೆ ಔಷಧಿ ಇತ್ತು. ಇವತ್ತೂ ಹನ್ನೆರಡು ಇದೆ. ಮಾನ್ಯ ಸದಸ್ಯರು ಒಮ್ಮೆ ಕನ್ನಡಕ ಹಾಕಿಕೊಂಡು ಹೋಗಿ ಎಣಿಸಿ ಬರಲಿ."

ಆಡಳಿತ ಪಕ್ಷದವರು ಮೇಜು ಕುಟ್ಟಿದರು. ಶಾಸಕನ ಪಕ್ಷದವರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಸಭಾಧ್ಯಕ್ಷರು ಮುಂದಿನ ಪ್ರಶ್ನೆಗೆ ಹೋದರು.

ಶಾಸಕ ಕೂತ. ಹೆಂಗಸು ಸುಳ್ಳು ಹೇಳಿದಳು ಎಂದು ಅವನಿಗೆ ಖಚಿತವಾಯಿತು. ಶನಿವಾರ ಸದನವಿರಲಿಲ್ಲ. ನೇರವಾಗಿ ಅವಳ ಊರಿಗೆ ಕಾರು ಬಿಡಿಸಿದ. ಅವಳು ಗದ್ದೆಯಲ್ಲಿ ಕಬ್ಬಿನ ಹೊರೆ ಕಟ್ಟುತ್ತಿದ್ದಳು. ಶಾಸಕ ಬದುವಿನ ಮೇಲೆ ನಿಂತೇ ಕೇಳಿದ.

"ಏನಮ್ಮ, ಎಲ್ಲರ ಮುಂದೆ ನನ್ನ ಮರ್ಯಾದೆ ಕಳೆದೆಯಲ್ಲ? ಆಸ್ಪತ್ರೆಯಲ್ಲಿ ಹನ್ನೆರಡು ಸೀಸೆ ಇತ್ತಂತೆ."

"ಇದ್ವು ಸ್ವಾಮಿ," ಎಂದಳು. "ನಾನೇ ಎಣಿಸಿದೀನಿ."

ಅವಳು ಹೊರೆಯ ಗಂಟು ಬಿಗಿದು ಎದ್ದು ನಿಂತಳು.

"ಔಷಧಿ ಕೋಣೆಗೆ ಕಬ್ಬಿಣದ ಸರಳಿನ ಬಾಗಿಲು. ಬೀಗ ಹಾಕಿತ್ತು. ಒಳಗೆ ಗಾಜಿನ ಬೀರು. ಸೀಸೆ ಎಲ್ಲಾ ಸಾಲಾಗಿ ಕಾಣ್ತಿದ್ವು. ಬೀಗದ ಕೈ ಔಷಧಿ ಕೊಡೋ ಕಾಂಪೌಂಡ್ರ ಹತ್ರ ಇರುತ್ತೆ. ಅವರು ಐದೂವರೆ ಬಸ್ಸಿಗೆ ಪಟ್ಣಕ್ಕೆ ಹೋಗ್ಬಿಡ್ತಾರೆ. ನಾವು ಹೋದಾಗ ಆರು ಗಂಟೆ. ನರ್ಸಮ್ಮ ಫೋನ್ ಮೇಲೆ ಫೋನ್ ಮಾಡಿದ್ರು. ನಮ್ಮ ಮೈದುನ ಮಚ್ಚು ಹಾಕಿ ಬೀಗ ಮೀಟಿದ, ಮಚ್ಚೇ ಮುರೀತು. ಇವರನ್ನ ಅಲ್ಲೇ ಬೆಂಚಿನ ಮೇಲೆ ಮಲಗಿಸಿದ್ವಿ. ನಾನು ಸೀಸೆ ಎಣಿಸ್ತಾ ಕೂತಿದ್ದೆ. ಇನ್ನೇನ್ ಮಾಡ್ಲಿ? ಆಮೇಲೆ ದೊಡ್ಡಾಸ್ಪತ್ರೆಗೆ ಅಂತ ಟೆಂಪೊ ಹತ್ತಿಸಿದ್ವಿ. ದಾರೀಲೇ ಹೋದ್ರು."

"ಇದನ್ನು ಅವತ್ತೇ ಯಾಕೆ ಹೇಳಲಿಲ್ಲ?"

"ಹೇಳೋಕೆ ಬಾಯಿ ತೆಗೆದೆ. ನೀವು ಗೊತ್ತಾಯ್ತು ಅಂದ್ರಿ. ದೊಡ್ಡೋರು, ಗೊತ್ತಿರುತ್ತೆ ಅಂದ್ಕೊಂಡೆ."

ಪಕ್ಕದ ಸಾಲಿನಲ್ಲಿ ಸೋಗೆ ಸವರುತ್ತಿದ್ದ ಮುದುಕಿಯೊಬ್ಬಳು ತಲೆ ಎತ್ತಲಿಲ್ಲ. "ಅವರಿಗೆ ಎಲ್ಲಾ ಗೊತ್ತು ಕಣೆ," ಎಂದಳು. "ವೋಟು ಕೇಳೋಕೆ ಬಂದಾಗ್ಲೂ ಎಲ್ಲಾ ಗೊತ್ತು ಅಂದಿದ್ರು."

ಯಾರೂ ನಗಲಿಲ್ಲ. ಶಾಸಕ ಬದುವಿನಿಂದ ಇಳಿದು ಬಂದ. ಕಬ್ಬಿನ ಹೊರೆಯ ಮೇಲೆ ಕೂತ.

"ಬೀಗದ ಕೈಯನ್ನು ಕಾಂಪೌಂಡರ್ ಮನೆಗೆ ಯಾಕೆ ಒಯ್ಯುತ್ತಾನೆ?"

"ದಾಸ್ತಾನಿನ ಪುಸ್ತಕಕ್ಕೆ ರುಜು ಹಾಕೋರು ಅವರಂತೆ. ಒಂದು ಸೀಸೆ ಕಮ್ಮಿ ಬಂದ್ರೂ ಅವರ ತಲೆಗೇ ಬರುತ್ತಂತೆ. ಮೂರರ ದಿನ ಮನೆಗೆ ಬಂದು ಅತ್ರು ಪಾಪ. ಕೆಟ್ಟೋರಲ್ಲ."

ಶಾಸಕ ಆಮೇಲೆ ಹೆಚ್ಚು ಮಾತಾಡಲಿಲ್ಲ. ಸಂಜೆಯವರೆಗೆ ಕೂತ. ಕಬ್ಬು ಕಡಿಯುವವರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಮಾತು ಹೇಳಿದರು. ಪೂರ್ತಿ ಹೇಳಿದರು. ಆರು ಗಂಟೆಗೆ ಆ ಹೆಂಗಸಿನ ಜೊತೆ ಆಸ್ಪತ್ರೆಗೆ ಹೋದ. ಔಷಧಿ ಕೋಣೆಗೆ ಬೀಗ ಹಾಕಿತ್ತು. ಸರಳು ಹಿಡಿದು ನಿಂತು, ಕನ್ನಡಕ ಹಾಕಿಕೊಂಡು, ಸೀಸೆಗಳನ್ನು ಎಣಿಸಿದ. ಹನ್ನೆರಡಿದ್ದವು. ಮಂತ್ರಿ ಹೇಳಿದ್ದು ನಿಜ.

ಇಲ್ಲಿ ವಿರೂಪಾಕ್ಷ ಬಾಯಿ ಹಾಕಿದ. "ಇಷ್ಟಕ್ಕೆ ಒಂದು ಫೋನ್ ಸಾಕಿತ್ತಲ್ಲ ಗುರುಗಳೇ?"

"ಮಾಡಿದ," ಎಂದರು ಗುರುಗಳು. "ಮಾರನೆಯ ದಿನವೇ ನರ್ಸಿನ ಕೈಗೆ ಇನ್ನೊಂದು ಬೀಗದ ಕೈ ಬಂತು."

"ಮತ್ತೆ ಸದನದಲ್ಲಿ ಕೇಳುವುದೇನು ಉಳಿಯಿತು?"

"ಕಬ್ಬಿನ ಗದ್ದೆ ಇರುವುದು ಅದೊಂದೇ ಊರಿನಲ್ಲೇ?"

ಗುರುಗಳು ಮುಂದುವರಿಸಿದರು.

ಬಜೆಟ್ ಅಧಿವೇಶನ ಇನ್ನೂ ನಡೆಯುತ್ತಿತ್ತು. ಶಾಸಕ ಹೊಸ ಪ್ರಶ್ನೆಯನ್ನು ತಾನೇ ಬರೆದ. ರಾಜ್ಯದ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಸಂಜೆ ಐದೂವರೆಯ ನಂತರ, ಔಷಧಿ ಕೋಣೆಯ ಬೀಗದ ಕೈ ಯಾರ ಬಳಿ ಇರುತ್ತದೆ?

ಆಪ್ತ ಸಹಾಯಕ ಕಾಗದವನ್ನು ತಿರುಗಿಸಿ ಹಿಂಬದಿ ನೋಡಿದ. "ಇಷ್ಟೇನಾ ಸಾರ್? ದೇಶದ ವಿಷಯ ಒಂದೆರಡು ಸಾಲು ಸೇರಿಸಲೇ? ಇಷ್ಟಕ್ಕೆ ಯಾರು ಬೆಲೆ ಕೊಡುತ್ತಾರೆ?"

"ಇಷ್ಟೇ," ಎಂದ ಶಾಸಕ.

ಪ್ರಶ್ನೆ ಇಲಾಖೆಗೆ ಹೋಯಿತು. ಅಲ್ಲಿ ಕಡತ ಹುಡುಕಿದರು. ದಾಸ್ತಾನಿಗೆ ಕಡತವಿತ್ತು, ಹುದ್ದೆಗಳಿಗೆ ಕಡತವಿತ್ತು, ಕಟ್ಟಡದ ಸುಣ್ಣಬಣ್ಣಕ್ಕೂ ಕಡತವಿತ್ತು. ಬೀಗದ ಕೈಗೆ ಕಡತವಿರಲಿಲ್ಲ. ಗಮನಕ್ಕೆ ಬಂದಿಲ್ಲ ಎಂದು ಬರೆಯುವಂತಿರಲಿಲ್ಲ, ಅದನ್ನು ಅವನು ಕೇಳಿರಲಿಲ್ಲ. ಉದ್ಭವಿಸುವುದಿಲ್ಲ ಎಂದೂ ಬರೆಯುವಂತಿರಲಿಲ್ಲ. ಬೀಗವಿರುವ ಕಡೆ ಬೀಗದ ಕೈ ಇರಲೇಬೇಕು. ಅದು ಯಾರದಾದರೂ ಜೇಬಿನಲ್ಲಿರಲೇಬೇಕು.

ಕೊನೆಗೆ ಫೋನ್ ಎತ್ತಿದರು. ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಒಂದೊಂದು ಆಸ್ಪತ್ರೆಗೆ ಅದೇ ಮಾತು ಹೋಯಿತು. ಬೀಗದ ಕೈ ಯಾರ ಬಳಿ? ನನ್ನ ಬಳಿ ಎಂದವನಿಗೆ, ಐದೂವರೆಯ ಮೇಲೆ ನೀನೆಲ್ಲಿರುತ್ತೀಯ ಎಂಬ ಮಾತು ತಾನಾಗಿಯೇ ಬಂತು. ಕೇಳಿದವರಿಗೇ ಮುಜುಗರವಾಯಿತು. ಉತ್ತರ ಸದನ ಮುಟ್ಟುವ ಮೊದಲೇ ಸುತ್ತೋಲೆ ಹೊರಟಿತು. ಎರಡನೆಯ ಬೀಗದ ಕೈ ಪಾಳಿಯ ನರ್ಸಿನ ಬಳಿ ಇರತಕ್ಕದ್ದು.

ಸದನದಲ್ಲಿ ಮಂತ್ರಿ ಅದನ್ನು ಓದಿದರು. ಅರ್ಧ ನಿಮಿಷ ಹಿಡಿಯಿತು. ಯಾರೂ ಮೇಜು ಕುಟ್ಟಲಿಲ್ಲ. ಮರುದಿನದ ಪತ್ರಿಕೆಯಲ್ಲೂ ಬರಲಿಲ್ಲ. ಆ ವರ್ಷ ಶಾಲು ಬೇರೆ ಯಾರಿಗೋ ಹೋಯಿತು.

ಹೆಂಗಸಿನ ಮೈದುನನ ಕಟಾವು ಮುಗಿಯಿತು. ಅವನಿಗೆ ಏನೂ ಆಗಲಿಲ್ಲ. ಆದರೆ ಅದೇ ತಿಂಗಳು ಇನ್ನೊಂದು ಜಿಲ್ಲೆಯಲ್ಲಿ ಒಬ್ಬ ಕೂಲಿಯವನಿಗೆ ಹಾವು ಕಡಿಯಿತು. ಆಸ್ಪತ್ರೆ ಮುಟ್ಟಿದಾಗ ಆರು ಗಂಟೆ ದಾಟಿತ್ತು. ನರ್ಸು ಬೀಗ ತೆಗೆದಳು. ಹತ್ತು ಸೀಸೆ ಖರ್ಚಾಯಿತು. ಅವನು ಬದುಕಿದ. ಆ ಶಾಸಕನ ಹೆಸರು ಅವನಿಗೆ ಇಂದಿಗೂ ಗೊತ್ತಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ವಿರೂಪಾಕ್ಷನ ಮುಖ ಅರಳಿತ್ತು. ಕಡತ ಬಿಚ್ಚಿದ. ಪೆನ್ನು ತೆಗೆದ.

"ಗೊತ್ತಾಯಿತು ಗುರುಗಳೇ. ಪ್ರಶ್ನೆ ಚಿಕ್ಕದಾಗಿರಬೇಕು. ತಪ್ಪಿಸಿಕೊಳ್ಳಲು ಸಂದು ಬಿಡಬಾರದು. ಈ ನಲವತ್ತನ್ನೂ ಇಲ್ಲೇ ಕೂತು ಹಾಗೆಯೇ ತಿದ್ದಿಬಿಡುತ್ತೇನೆ."

ಗುರುಗಳು ಕಿಟಕಿಯ ಆಚೆ ನೋಡಿದರು.

"ಗೇಟಿನಲ್ಲಿ ಒಬ್ಬನನ್ನು ಅರ್ಧ ಮಾತಿನಲ್ಲಿ ನಿಲ್ಲಿಸಿ ಬಂದಿದ್ದೀಯ."

ವಿರೂಪಾಕ್ಷ ಕಡತವನ್ನು ಅಲ್ಲೇ ಬಿಟ್ಟು ಗೇಟಿನ ಕಡೆ ನಡೆದ.